ಅಜ್ಜೀಪುರದ ಫೆಬ್ರವರಿ ಮಳೆ

ಕೊಳ್ಳೇಗಾಲದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ಮಹದೇವಿಗೆ ಆ ವರ್ಷ ಒಂದು ಹೊಸ ಕೆಲಸ ಅಂಟಿಕೊಂಡಿತು. ಹನೂರಿನಲ್ಲಿ ರೈತರ ಸಂಘವೊಂದನ್ನು ನೋಡಿಕೊಳ್ಳುತ್ತಿದ್ದ ಬಸವಕುಮಾರ್ ಒಂದು ದಿನ ಸ್ಟಾಫ್ ರೂಮಿಗೆ ಬಂದು ಕೂತ. ಮುಂದಿನ ವರ್ಷಕ್ಕೆ ಸಂಘದಿಂದ ಗೋಡೆ ಕ್ಯಾಲೆಂಡರ್ ಮಾಡಿಸುತ್ತಿದ್ದೇವೆ, ಪ್ರತಿ ತಿಂಗಳ ಹಾಳೆಯ ಮೇಲರ್ಧದಲ್ಲಿ ದೇವರ ಚಿತ್ರದ ಬದಲು ಆ ತಿಂಗಳು ನಮ್ಮ ಕಡೆ ನಲವತ್ತು ವರ್ಷದಿಂದ ಎಷ್ಟೆಷ್ಟು ಮಳೆ ಬಿದ್ದಿದೆ ಅನ್ನುವ ಗ್ರಾಫ್ ಇರಬೇಕು ಎಂದ. ಯಳಂದೂರು, ಕೊಳ್ಳೇಗಾಲ, ಹನೂರು, ಮೂರೂ ತಾಲ್ಲೂಕಿನಿಂದ ಮೂರು ಮೂರು ಊರು. ಒಂಬತ್ತು ಗ್ರಾಫ್ ಒಂದೇ ಹಾಳೆಯಲ್ಲಿ. ಹಳೆಯ ರಿಜಿಸ್ಟರುಗಳ ಅಂಕಿಗಳನ್ನು ಯಾರೋ ಮೊದಲೇ ಕಂಪ್ಯೂಟರಿಗೆ ಏರಿಸಿಟ್ಟಿದ್ದರು. ಆ ಫೈಲಿದ್ದ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು, ಚಹಾ ಕುಡಿದು ಹೋದ.

ಮಹದೇವಿಯ ಜೊತೆಗೆ ಈ ಕೆಲಸಕ್ಕೆ ಇಳಿದವಳು ದೀಪ. ಮೂವತ್ತು ದಾಟಿದ ಅತಿಥಿ ಉಪನ್ಯಾಸಕಿ. 'ಆರ್' ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಂ ಅವಳ ಬೆರಳ ತುದಿಯಲ್ಲಿತ್ತು. ಮಹದೇವಿ ಓದುವಾಗ ಗ್ರಾಫ್ ಎಂದರೆ ಗ್ರಾಫ್ ಹಾಳೆ, ಚೂಪು ಪೆನ್ಸಿಲ್ಲು, ಸ್ಕೇಲು. ಒಂಬತ್ತು ಗ್ರಾಫ್ ಒಟ್ಟಿಗೆ ಬೇಕೆಂದರೆ ಕತ್ತರಿಸಿ ಡ್ರಾಯಿಂಗ್ ಷೀಟಿನ ಮೇಲೆ ಮೈದಾ ಗೋಂದಿನಿಂದ ಅಂಟಿಸಬೇಕಿತ್ತು. ಒಂದು ಸೊಟ್ಟಗಾದರೆ ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸುವುದು. ದೀಪ ನಾಲ್ಕು ಸಾಲು ಬರೆದು ಒಂದು ಗುಂಡಿ ಒತ್ತಿದಳು. ಒಂಬತ್ತೂ ಊರು ಮೂರು ಮೂರರ ಸಾಲಿನಲ್ಲಿ, ಚೌಕಾಬಾರದ ಮನೆಗಳ ಹಾಗೆ, ಪರದೆಯ ಮೇಲೆ ಬಂದು ಕೂತವು.

ಮಹದೇವಿ ಕನ್ನಡಕ ಏರಿಸಿಕೊಂಡು ನೋಡಿದಳು. ಅಂದವಾಗೇನೋ ಇತ್ತು, ಆದರೆ ಊರುಗಳೆಲ್ಲ ಕಲಸಿಹೋಗಿದ್ದವು. ಇಂಗ್ಲಿಷ್ ಅಕ್ಷರಗಳ ಪ್ರಕಾರ ಅಜ್ಜೀಪುರ ಮೊದಲನೇ ಮನೆಗೆ ಬಂದಿತ್ತು, ಅದರ ಪಕ್ಕಕ್ಕೆ ಬಿಳಿಗಿರಿರಂಗನ ಬೆಟ್ಟ. ಅಜ್ಜೀಪುರದಿಂದ ಆ ಬೆಟ್ಟಕ್ಕೆ ಹೋಗಬೇಕಾದರೆ ಎಷ್ಟು ಬಸ್ಸು ಬದಲಾಯಿಸಬೇಕು ಎಂದು ಕಂಪ್ಯೂಟರಿಗೇನು ಗೊತ್ತು? ತಾಲ್ಲೂಕುಗಳು ನೆಲದ ಮೇಲೆ ಹೇಗಿವೆಯೋ ಹಾಳೆಯ ಮೇಲೂ ಹಾಗೇ ಇರಲಿ ಎಂದಳು. ಎಡಗಡೆ ಮೇಲಿನಿಂದ ಕೆಳಕ್ಕೆ ಯಳಂದೂರು, ಮಾಂಬಳ್ಳಿ, ಬೆಟ್ಟ. ನಡುವೆ ಕೊಳ್ಳೇಗಾಲ, ಸತ್ತೇಗಾಲ, ಪಾಳ್ಯ. ಬಲಗಡೆ ಹನೂರು, ಅಜ್ಜೀಪುರ, ತಮಿಳುನಾಡಿನ ಗಡಿಗೆ ತಾಗಿದ ಪಾಲಾರ್. ದೀಪ ಊರುಗಳ ಹೆಸರನ್ನು ಆ ಕ್ರಮದಲ್ಲೇ ಪ್ರೋಗ್ರಾಮಿಗೆ ಬರೆದುಕೊಟ್ಟಳು. ಮಳೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ಈಗ ಕಣ್ಣಿಗೆ ಕಾಣುವಂತಾಯಿತು.

ಇನ್ನೊಂದು ತೊಡಕಿತ್ತು. ಪ್ರತಿ ಮನೆಗೂ ಅದರದೇ ಅಳತೆ ಕೊಟ್ಟಿದ್ದರಿಂದ ಬೆಟ್ಟದ ಮಳೆಯೂ ಪಾಲಾರಿನ ಮಳೆಯೂ ಒಂದೇ ಎತ್ತರವಾಗಿ ಕಾಣುತ್ತಿದ್ದವು. ಒಂಬತ್ತಕ್ಕೂ ಒಂದೇ ಅಳತೆಗೋಲು ಇರಲಿ ಎಂದು ಮಹದೇವಿ ಹೇಳಿದಳು. ದೀಪ ಒಂದು ಪದ ಅಳಿಸಿದಳು. ಬೆಟ್ಟದ ಗೀಟುಗಳು ಎದ್ದು ನಿಂತವು, ಪಾಲಾರಿನವು ಗರಿಕೆಯಷ್ಟಾದವು. ಹನ್ನೆರಡು ತಿಂಗಳಿಗೂ ಹೀಗೇ ಮಾಡುತ್ತಾ ಹೋದರು. ಜನವರಿ ಹಾಳೆ ಹೆಚ್ಚುಕಡಿಮೆ ಖಾಲಿ. ಆಮೇಲೆ ಫೆಬ್ರವರಿ ಬಂತು.

ಫೆಬ್ರವರಿಯೂ ಖಾಲಿಯೇ ಇರಬೇಕಿತ್ತು. ಎಂಟು ಮನೆಗಳಲ್ಲಿ ನೆಲಕ್ಕಂಟಿದ ಸಣ್ಣ ಸಣ್ಣ ಚುಕ್ಕಿಗಳು. ಅಜ್ಜೀಪುರದ ಮನೆಯಲ್ಲಿ ಮಾತ್ರ ಒಂದು ಗೀಟು ಬಯಲಿನಲ್ಲಿ ನೆಟ್ಟ ಕಂಬದಂತೆ ಒಂಟಿಯಾಗಿ ನಿಂತಿತ್ತು. ಸಾವಿರದ ಒಂಬೈನೂರ ಎಂಬತ್ತೈದು. ದೀಪ ಫೈಲು ತೆರೆದು ನೋಡಿದಳು. ಆ ತಿಂಗಳ ಹನ್ನೊಂದನೇ ತಾರೀಖು, ಒಂದೇ ದಿನ, ಮೂವತ್ತೆಂಟು ಪಾಯಿಂಟ್ ಎರಡು ಮಿಲಿಮೀಟರ್. ಹಿಂದೆ ಮುಂದೆ ಎಲ್ಲಾ ಸೊನ್ನೆ.

ದೀಪಳಿಗೆ ಖುಷಿಯಾಯಿತು. ನಲವತ್ತು ವರ್ಷಕ್ಕೊಮ್ಮೆ ಬರುವ ಅಕಾಲದ ಮಳೆ ಮೇಡಂ, ಇದಕ್ಕೆ ಕೆಂಪು ಬಣ್ಣ ಹಾಕೋಣ ಎಂದಳು. ಮಹದೇವಿ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದು, ತಲೆನೋವು ಎಂದು ಹೇಳಿ ಮನೆಗೆ ಹೊರಟಳು.

ಆ ಮಳೆಯನ್ನು ಸುರಿಸಿದವಳು ಅವಳೇ ಆಗಿದ್ದಳು.

ಅವಳು ಅಜ್ಜೀಪುರದಲ್ಲಿ ಹುಟ್ಟಿ ಬೆಳೆದವಳು. ಅಲ್ಲಿಯ ಶಾಲೆಯ ಅಂಗಳದ ಮೂಲೆಯಲ್ಲಿ ತಂತಿಬೇಲಿಯ ಒಳಗೆ ಮಳೆ ಅಳೆಯುವ ಒಂದು ಡಬ್ಬವಿತ್ತು. ಮೇಲೆ ಆಲಿಕೆಯಂಥ ಬಾಯಿ, ಒಳಗೆ ಒಂದು ಸೀಸೆ. ಅದರ ಉಸ್ತುವಾರಿ ಪುಟ್ಟಸಿದ್ದಯ್ಯ ಮೇಷ್ಟ್ರದು. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮೇಷ್ಟ್ರು ಬೇಲಿಯ ಬೀಗ ತೆಗೆದು, ಸೀಸೆಯ ನೀರನ್ನು ಅಳತೆ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಮಳೆಗಾಲದಲ್ಲಿ ಅದೊಂದು ಹಬ್ಬ. ಮಕ್ಕಳು ಸುತ್ತ ನಿಂತು ಅಷ್ಟು, ಇಷ್ಟು ಎಂದು ಮೊದಲೇ ಕೂಗುತ್ತಿದ್ದವು. ಸಂಕ್ರಾಂತಿ ಕಳೆದ ಮೇಲೆ ಯಾರೂ ಬರುತ್ತಿರಲಿಲ್ಲ. ಮೇಷ್ಟ್ರು ಮಾತ್ರ ಬರುವರು, ಬೀಗ ತೆಗೆಯುವರು, ಖಾಲಿ ಸೀಸೆ ಎತ್ತಿ ನೋಡುವರು, ಸೊನ್ನೆ ಬರೆಯುವರು, ಬೀಗ ಹಾಕುವರು.

ಹತ್ತು ವರ್ಷದ ಮಹದೇವಿ ದಿನಾ ಬೆಳಿಗ್ಗೆ ಮೇಷ್ಟ್ರ ಮನೆಗೆ ಚೊಂಬಿನಲ್ಲಿ ಹಾಲು ಕೊಟ್ಟುಬರುತ್ತಿದ್ದಳು. ಮೇಷ್ಟ್ರ ಹೆಂಡತಿ ದೊಡ್ಡತಾಯಮ್ಮ ಹಾಲು ಬಗ್ಗಿಸಿಕೊಂಡು, ಅವಳ ಕೈಗೆ ಒಂದು ಚೂರು ಬೆಲ್ಲವೋ ಒಂದು ಹಿಡಿ ಹುರಿಗಡಲೆಯೋ ಇಟ್ಟು ಕಳಿಸುವರು. ವಾಪಸು ಬರುವ ದಾರಿ ಶಾಲೆಯ ಮುಂದೆಯೇ. ದಿನಾ ಆ ಸೊನ್ನೆಗಳನ್ನು ನೋಡಿ ನೋಡಿ ಹುಡುಗಿಗೆ ಮೇಷ್ಟ್ರ ಮೇಲೆ ಮರುಕ ಹುಟ್ಟಿತು. ಪಾಪ, ಇಷ್ಟು ಶ್ರದ್ಧೆಯಿಂದ ಬರುತ್ತಾರೆ, ಒಂದು ದಿನವೂ ಏನೂ ಸಿಗುವುದಿಲ್ಲ. ಹನ್ನೊಂದನೇ ತಾರೀಖು ಬೆಳಿಗ್ಗೆ ಶಾಲೆಯ ಬೋರಿಂಗ್ ಒತ್ತಿ ಅರ್ಧ ಚೊಂಬು ನೀರು ಹಿಡಿದು, ಬೇಲಿಯ ಸಂದಿಯಲ್ಲಿ ನುಸುಳಿ, ಡಬ್ಬದ ಬಾಯಿಗೆ ಹುಯ್ದಳು.

ಎಂಟೂವರೆಗೆ ಮೇಷ್ಟ್ರು ಸೀಸೆ ಎತ್ತಿದವರು ಸ್ವಲ್ಪ ಹೊತ್ತು ಹಾಗೇ ನಿಂತರು. ಗಾಜನ್ನು ಎರಡು ಸಲ ತುಂಬಿ ಅಳೆಯಬೇಕಾಯಿತು. ಬರೆದರು. ಬಹಳ ಹೊತ್ತು ಬರೆದರು. ಆಮೇಲೆ ತಿರುಗಿ, ನಾಳೆಯಿಂದ ನೀನು ಬಂದು ಗಾಜು ಹಿಡಿದು ಓದಬೇಕು ಎಂದು ಬೇಲಿಯಾಚೆ ಕಾದು ನಿಂತಿದ್ದ ಅವಳಿಗೆ ಹೇಳಿದರು. ಮಹದೇವಿ ಮನೆಗೆ ಕುಣಿದುಕೊಂಡು ಹೋದಳು. ಮೇಷ್ಟ್ರಿಗೆ ಸಂತೋಷವಾಗಿದೆ, ಅದಕ್ಕೇ ಈ ಬಹುಮಾನ ಎಂದುಕೊಂಡಳು. ಏಳನೇ ಕ್ಲಾಸು ಮುಗಿಯುವವರೆಗೂ ಆ ಗಾಜನ್ನು ಓದಿದವಳು ಅವಳೇ. ನೀರಿನ ಮೇಲ್ಮೈ ನಡುವೆ ತಗ್ಗಾಗಿರುತ್ತದೆ, ತಗ್ಗಿನ ತಳವನ್ನೇ ಓದಬೇಕು ಎಂದು ಅಲ್ಲಿ ಕಲಿತದ್ದು. ಸೊನ್ನೆಯನ್ನೂ ಅಂದವಾಗಿ, ದುಂಡಗೆ ಬರೆಯಬೇಕು ಎಂದು ಕಲಿತದ್ದೂ ಅಲ್ಲೇ.

ಆ ನೀರಿನ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ದೊಡ್ಡವಳಾದ ಮೇಲೆ ನೆನಪಾದರೆ ನಗು ಬರುತ್ತಿತ್ತು. ಈಗ ನಗು ಬರಲಿಲ್ಲ.

ಎರಡು ದಿನ ಬಿಟ್ಟು ಬಸವಕುಮಾರ್ ಬಂದ. ದೀಪ ಹಾಳೆಗಳನ್ನು ತೋರಿಸಿದಳು. ಅವನಿಗೂ ಆ ಕೆಂಪು ಗೀಟು ಹಿಡಿಸಿತು. ಫೆಬ್ರವರಿ ಪುಟದ ಕೆಳಗೆ ಒಂದು ಎಚ್ಚರಿಕೆ ಹಾಕಿಸುತ್ತೇನೆ, ಅಜ್ಜೀಪುರದ ಸುತ್ತಮುತ್ತ ಈ ತಿಂಗಳಲ್ಲೂ ಜೋರು ಮಳೆ ಬರಬಹುದು, ಕಣದಲ್ಲಿ ರಾಗಿ ಹುರುಳಿ ಬಿಡಬೇಡಿ ಎಂದು, ಅಂದ. ಅಲ್ಲಿಯ ಜನ ಅದನ್ನು ಓದಿ ಹುಲ್ಲುಮೆದೆ ಮುಚ್ಚುವುದಕ್ಕೆ ಓಡಾಡುವುದು ಮಹದೇವಿಯ ಕಣ್ಣಿಗೆ ಕಟ್ಟಿತು. ಆ ಅಂಕಿಯನ್ನು ಇನ್ನೊಮ್ಮೆ ತಾಳೆ ನೋಡಬೇಕು, ಒಂದು ವಾರ ಕೊಡಿ ಎಂದಷ್ಟೇ ಹೇಳುವುದಕ್ಕಾಯಿತು. ಯಾಕೆ ಎಂದು ಅವನು ಕೇಳಿದ. ಐವತ್ತು ವರ್ಷದ ಮೇಡಂ, ಪರೀಕ್ಷೆಯಲ್ಲಿ ಅಂಕಿ ತಿದ್ದಿದ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸಿದವಳು, ಏನೆಂದು ಹೇಳುವುದು?

ಪುಟ್ಟಸಿದ್ದಯ್ಯ ಮೇಷ್ಟ್ರು ನಿವೃತ್ತಿಯಾಗಿ ತಮ್ಮ ಹುಟ್ಟೂರು ಮಾಂಬಳ್ಳಿಗೆ ಬಂದು ಮಗಳು ರತ್ನಳ ಮನೆಯಲ್ಲಿದ್ದಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿರಲಿಲ್ಲ. ದೊಡ್ಡತಾಯಮ್ಮ ತೀರಿಕೊಂಡಾಗಲೂ ಮೈಸೂರಿನಲ್ಲಿ ಓದುತ್ತಿದ್ದ ಅವಳು ಪರೀಕ್ಷೆಯ ನೆಪದಲ್ಲಿ ಅಜ್ಜೀಪುರಕ್ಕೆ ಹೋಗಿರಲಿಲ್ಲ. ಭಾನುವಾರ ಹನ್ನೆರಡೂ ಹಾಳೆಗಳನ್ನು ಸುರುಳಿ ಸುತ್ತಿ ಬಗಲಿಗೆ ಇಟ್ಟುಕೊಂಡು ಯಳಂದೂರಿನ ಬಸ್ಸು ಹತ್ತಿದಳು. ಮಾಂಬಳ್ಳಿಯಲ್ಲಿ ಇಳಿದಾಗ ಗದ್ದೆಗಳಿಗೆ ನಾಟಿ ನಡೆಯುತ್ತಿತ್ತು.

ಮೇಷ್ಟ್ರು ಜಗುಲಿಯಲ್ಲಿ, ಈಗೆಲ್ಲ ವರ್ಷವಿಡೀ ಸಿಗುವ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಎಂಬತ್ತೆರಡಾಗಿತ್ತು, ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಹೆಸರು ಹೇಳುವ ಮೊದಲೇ, ಅಜ್ಜೀಪುರದ ಚಂದ್ರಮ್ಮನ ಮಗಳಲ್ಲವಾ ಎಂದು ಗುರುತು ಹಿಡಿದರು. ರತ್ನ ಚಾಪೆ ಹಾಸಿದಳು. ಮಹದೇವಿ ಕಾಲಿಗೆ ನಮಸ್ಕಾರ ಮಾಡಿ, ಕ್ಯಾಲೆಂಡರಿನ ಕತೆಯನ್ನೆಲ್ಲ ಹೇಳಿ, ಫೆಬ್ರವರಿ ಹಾಳೆಯನ್ನು ಬಿಡಿಸಿ ನಾಲ್ಕು ಮೂಲೆಗೂ ಒಂದೊಂದು ಹಿಡಿ ಅವರೆಕಾಯಿ ಹೇರಿಟ್ಟಳು. ಕೆಂಪು ಗೀಟಿನ ಮೇಲೆ ಬೆರಳಿಟ್ಟಳು.

"ಈ ಮಳೆ ಮಳೆಯಲ್ಲ ಮೇಷ್ಟ್ರೇ," ಎಂದಳು. "ಆ ನೀರು ಉಯ್ದೋಳು ನಾನು."

ಮೇಷ್ಟ್ರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು ಕಣವ್ವ," ಎಂದರು. "ನೀರು ವಸಿ ಬೆಳ್ಳಗಿತ್ತು. ಮೂಸಿ ನೋಡ್ದೆ, ಆಲಿನ ವಾಸ್ನೆ. ಆಲಿನ್ ಮಳೆ ಎಲ್ಲಾರಾ ಉಯ್ತದಾ?"

ರತ್ನ ಒಳಗಿನಿಂದಲೇ ನಕ್ಕಳು. ಮಹದೇವಿಗೆ ಮುಖ ಬಿಸಿಯಾಯಿತು. ಗೊತ್ತಿದ್ದೂ ಅವರು ಯಾಕೆ ಬೈಯಲಿಲ್ಲ, ಗೊತ್ತಿದ್ದೂ ಯಾಕೆ ಬರೆದರು ಎಂದು ಕೇಳಿದಳು. ಮೇಷ್ಟ್ರು ಒಂದೊಂದನ್ನೇ ನಿಧಾನವಾಗಿ ಹೇಳಿದರು.

"ಡಬ್ಬದಲ್ಲಿ ಇದ್ದುದ್ನ ಬರೀದೆ ಬುಟ್ರೆ ನಾನೇ ಸುಳ್ಳ ಆಯ್ತೀನಿ. ಅದ್ಕೆ ಬರ್ದೆ. ಪಕ್ಕದಲ್ಲಿ ಷರಾನೂ ಬರ್ದೆ. ಆ ಷರಾ ಎಲ್ಲೋಯ್ತು ಅಂತ ನೀವು ಓದ್ದೋರು ಏಳ್ಬೇಕು." ಒಂದು ಕಾಳು ಜಾರಿ ಹಾಳೆಯ ಮೇಲೆ ಉರುಳಿತು, ಅದನ್ನು ಎತ್ತಿಕೊಂಡರು. "ಬೈದಿದ್ರೆ ನೀನು ಆ ಬೇಲಿ ಕಡೀಕೇ ಬತ್ತಿರ್ನಿಲ್ಲ. ನೀನೇ ಓದೋಳಾದ್ರೆ ಇನ್ನೊಂದ್ಸಾರಿ ನೀರ್ ಉಯ್ಯಕಿಲ್ಲ ಅಂದ್ಕಂಡು ಕರ್ದೆ. ಅಷ್ಟೇಯ."

ನಲವತ್ತು ವರ್ಷ ಬಹುಮಾನ ಎಂದುಕೊಂಡಿದ್ದು ಬಹುಮಾನವಾಗಿರಲಿಲ್ಲ. ಆದರೂ ಮಹದೇವಿಗೆ ಏನೋ ಕಳೆದುಕೊಂಡಂತೆ ಅನ್ನಿಸಲಿಲ್ಲ. ಆ ಗಾಜು ಕೈಯಲ್ಲಿದ್ದಾಗಿನ ತಣ್ಣನೆಯ ಭಾರ, ಮೇಷ್ಟ್ರು ಹಿಂದೆ ನಿಂತು ಅವಳ ಗಲ್ಲವನ್ನು ಬೆರಳಿನಿಂದ ಸರಿಯಾದ ಮಟ್ಟಕ್ಕೆ ಎತ್ತುತ್ತಿದ್ದದ್ದು, ಅಂಕಿ ಸರಿಯಾಗಿ ಹೇಳಿದರೆ ಹೂಂ ಎನ್ನುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಗಿ ಕಣ್ಣು ತುಂಬಿತು.

ಮೇಷ್ಟ್ರು ರತ್ನಳನ್ನು ಕರೆದು ಅಟ್ಟದ ಟ್ರಂಕಿನಿಂದ ಒಂದು ಗಂಟು ತರಿಸಿದರು. ರಿಜಿಸ್ಟರುಗಳನ್ನು ಕಚೇರಿಗೆ ಒಪ್ಪಿಸುವ ಮೊದಲು ಪ್ರತಿ ತಿಂಗಳೂ ಅವರು ಒಂದು ನಕಲು ಬರೆದಿಟ್ಟುಕೊಳ್ಳುತ್ತಿದ್ದರಂತೆ. ಎಂಬತ್ತೈದರ ಪುಸ್ತಕದ ಅಂಚನ್ನು ಗೆದ್ದಲು ತಿಂದಿತ್ತು, ನಡುವೆ ಏನೂ ಆಗಿರಲಿಲ್ಲ. ಹನ್ನೊಂದನೇ ತಾರೀಖಿನ ಮುಂದೆ 38.2. ಅದರ ಪಕ್ಕದ ಷರಾ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ನೆಲ ಒಣಗಿದೆ. ಗಿಡದ ಎಲೆ ಮೇಲೆ ಧೂಳು ಹಾಗೇ ಇದೆ. ನೀರಿನಲ್ಲಿ ಹಾಲಿನ ವಾಸನೆ. ಮಕ್ಕಳಾಟ ಎಂದು ತೋರುತ್ತದೆ.' ಕಂಪ್ಯೂಟರಿಗೆ ಏರಿಸಿದವರು ಅಂಕಿಯನ್ನು ತೆಗೆದುಕೊಂಡು ಷರಾವನ್ನು ಬಿಟ್ಟಿದ್ದರು.

ಊಟಕ್ಕೆ ಏಳಿಸದೆ ರತ್ನ ಬಿಡಲಿಲ್ಲ. ಹಿದಕಿದ ಅವರೆಬೇಳೆ ಸಾರು, ಮುದ್ದೆ. ಊಟವಾದ ಮೇಲೆ ಮೇಷ್ಟ್ರು ಉಳಿದ ಹಾಳೆಗಳನ್ನೂ ಒಂದೊಂದಾಗಿ ಬಿಡಿಸಿ ನೋಡತೊಡಗಿದರು. ಒಂಬತ್ತು ಮನೆಯಿದ್ದರೂ ಅವರ ಬೆರಳು ಬಲಗಡೆಯ ನಡುಮನೆಗೇ ಹೋಗುತ್ತಿತ್ತು. ಇದು ಶಾಲೆಯ ಹೆಂಚು ಹಾರಿಹೋದ ವರ್ಷ. ಇದು ಹೊಸ ಸೀಸೆ ತಂದ ವರ್ಷ. ಹಳೆಯದನ್ನು ಯಾರದೋ ಆಡು ಒದ್ದು ಒಡೆದಿತ್ತು. ಇದು ನೀನು ಏಳನೇ ಕ್ಲಾಸು ಪಾಸಾದ ವರ್ಷ. ಬರಿಯ ಗೀಟುಗಳಲ್ಲಿ ಅವರು ತಮ್ಮ ಕಾಲವನ್ನು ಓದುತ್ತಿದ್ದರು. ಮಹದೇವಿ ಕೇಳುತ್ತಾ ಕೂತಳು.

ಅಕ್ಟೋಬರ್ ಹಾಳೆಗೆ ಬಂದಾಗ ಅವರ ಬೆರಳು ತೊಂಬತ್ತೆಂಟರಲ್ಲಿ ನಿಂತಿತು. ಮೇಲಿನ ಹನೂರಿನ ಮನೆ, ಕೆಳಗಿನ ಪಾಲಾರಿನ ಮನೆ, ಪಕ್ಕದ ಸತ್ತೇಗಾಲ, ಎಲ್ಲದರಲ್ಲೂ ಆ ವರ್ಷದ ಗೀಟು ಉದ್ದ. ಅಜ್ಜೀಪುರದ್ದು ಮಾತ್ರ ಮೊಂಡು.

"ಇದು ಯಾಕಿಂಗದೆ?" ಎಂದು ಮೇಷ್ಟ್ರು ಕೇಳಿದರು. ಅವರ ದನಿ ಬದಲಾಗಿತ್ತು.

ಮಹದೇವಿ ಫೋನಿನಲ್ಲಿದ್ದ ಫೈಲನ್ನು ತೆರೆದು ನೋಡಿದಳು. ಚಿತ್ತೆ ಮಳೆ ಹುಯ್ಯುವ ಹೊತ್ತಿನಲ್ಲಿ ಎಂಟು ದಿನ ಸಾಲಾಗಿ ಸೊನ್ನೆಗಳಿದ್ದವು. ಅದನ್ನು ಹೇಳಿದಳು. ಮೇಷ್ಟ್ರು ಗಂಟಿನಿಂದ ಆ ವರ್ಷದ ಪುಸ್ತಕವನ್ನು ತಾವೇ ಹುಡುಕಿ ತೆಗೆದರು. ಆ ಎಂಟು ದಿನದ ಎದುರಿಗೆ ಸೊನ್ನೆ ಇರಲಿಲ್ಲ. ಒಂದೊಂದು ದಿನಕ್ಕೂ ಒಂದೊಂದು ಅಡ್ಡಗೀಟು ಇತ್ತು.

ದೊಡ್ಡತಾಯಮ್ಮ ತೀರಿಕೊಂಡ ವಾರ ಅದು.

"ಆ ಎಂಟು ದಿನ ನಾನು ಬೀಗಾನೇ ತಗೀನಿಲ್ಲ," ಎಂದರು ಮೇಷ್ಟ್ರು. "ನೋಡ್ದೆ ಇದ್ದದ್ದು ಸೊನ್ನೆ ಅಲ್ಲ ಕಣವ್ವ. ಮಳೆ ಬಂತೋ ಇಲ್ವೋ ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಗೀಟು ಎಳ್ದಿದ್ದು. ಯಾರು ಸೊನ್ನೆ ಮಾಡ್ದೋರು?"

ಯಾರು ಮಾಡಿದರೆಂದು ಮಹದೇವಿಗೂ ಗೊತ್ತಿರಲಿಲ್ಲ. ಅಡ್ಡಗೀಟನ್ನು ಸೊನ್ನೆ ಎಂದು ಒತ್ತಿದ ಕೈ ಯಾವುದೋ. ಆದರೆ ಈ ಪಾಠವನ್ನು ಅವಳು ಪ್ರತಿ ವರ್ಷ ಮೊದಲ ತಿಂಗಳಲ್ಲೇ ಹೇಳುತ್ತಿದ್ದಳು: ಇಲ್ಲದ ಅಂಕಿ ಬೇರೆ, ಸೊನ್ನೆ ಬೇರೆ. ಹೇಳಿಯೂ ಈ ಹಾಳೆಯಲ್ಲಿ ಅದು ಅವಳ ಕಣ್ಣು ತಪ್ಪಿಸಿತ್ತು. ದೊಡ್ಡತಾಯಮ್ಮನ ಕೈಯ ಬೆಲ್ಲ ತಿಂದವಳು ಸಾವಿಗೆ ಬರಲಿಲ್ಲ ಎಂಬ ಮಾತು ಎದೆಯಲ್ಲಿತ್ತು. ಅದನ್ನೂ ಅಲ್ಲೇ ಹೇಳಿದಳು. ಹೊರಡುವಾಗ ಮೇಷ್ಟ್ರು ಎರಡೂ ಪುಸ್ತಕಗಳನ್ನು ಒಂದು ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು.

ಸೋಮವಾರ ಸ್ಟಾಫ್ ರೂಮಿನಲ್ಲಿ ಮಹದೇವಿ ದೀಪಳ ಮುಂದೆ ಪುಸ್ತಕ ಬಿಡಿಸಿ ಎಲ್ಲವನ್ನೂ ಹೇಳಿದಳು. 'ಹಾಲಿನ ವಾಸನೆ' ಎಂಬಲ್ಲಿಗೆ ಬಂದಾಗ ದೀಪ ತಡೆಯಲಾರದೆ ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, ಎಷ್ಟು ನೀರು ಹುಯ್ದಿರಬಹುದು ಮೇಡಂ ಎಂದು ಲೆಕ್ಕ ಹಾಕಲು ಕೂತಳು. ಡಬ್ಬದ ಬಾಯಿ ಐದಂಗುಲ. ಮೂವತ್ತೆಂಟು ಮಿಲಿಮೀಟರಿಗೆ ಅರ್ಧ ಲೀಟರಿಗೆ ಒಂದಿಷ್ಟು ಕಡಿಮೆ ಬಂತು. ಬಸವಕುಮಾರನಿಗೂ ಮಹದೇವಿ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು, ಆಗಲಿ ಮೇಡಂ, ಎಚ್ಚರಿಕೆ ತೆಗೆಸುತ್ತೇನೆ ಎಂದ. ಬೇರೆ ಊರುಗಳ ಅಂಕಿಯಲ್ಲೂ ಹೀಗೇ ಏನಾದರೂ ಇರಬಹುದೇ ಎಂಬ ಅನುಮಾನ ಅವನಿಗೆ ಬಂದಿತ್ತು. ಇರಬಹುದು ಎಂದಳು ಮಹದೇವಿ. ಮುಂದಿನ ಎರಡು ತಿಂಗಳು ಅವಳೂ ದೀಪಳೂ ಸಿಕ್ಕಷ್ಟು ಹಳೆಯ ರಿಜಿಸ್ಟರುಗಳನ್ನು ತರಿಸಿ, ಸಾಲು ಸಾಲಾದ ಸೊನ್ನೆಗಳನ್ನು ಒಂದೊಂದಾಗಿ ತಾಳೆ ನೋಡಿದರು. ಹದಿನೇಳು ಕಡೆ ಅಡ್ಡಗೀಟುಗಳು ಸೊನ್ನೆಯಾಗಿದ್ದವು. ಅವನ್ನೆಲ್ಲ ತಿದ್ದಿ, ಆ ಜಾಗವನ್ನು ಖಾಲಿ ಬಿಡುವಂತೆ ಪ್ರೋಗ್ರಾಮಿನಲ್ಲಿ ಬರೆದರು. ತೊಂಬತ್ತೆಂಟರ ಅಕ್ಟೋಬರಿನಲ್ಲಿ ಅಜ್ಜೀಪುರದ ಮನೆಯಲ್ಲಿ ಈಗ ಗೀಟಿರಲಿಲ್ಲ, ತೆಳು ಬೂದು ಬಣ್ಣದ ಒಂದು ಪಟ್ಟಿಯಿತ್ತು. ಫೆಬ್ರವರಿ ಹಾಳೆಯಲ್ಲಿ ಆ ಮನೆ ಬರಿ ಬಯಲಾಯಿತು.

ಡಿಸೆಂಬರಿನ ಕೊನೆಯಲ್ಲಿ ಹನೂರಿನ ಒಂದು ಛತ್ರದಲ್ಲಿ ಕ್ಯಾಲೆಂಡರ್ ಹಂಚಿದರು. ಹನ್ನೆರಡು ಹಾಳೆಗಳನ್ನು ಗೋಡೆಯುದ್ದಕ್ಕೂ ಅಂಟಿಸಿದ್ದರು. ಭಾಷಣ ಮುಗಿದ ಮೇಲೆ ಜನ ಹೋಗಲಿಲ್ಲ. ಪ್ರತಿಯೊಬ್ಬರೂ ಮೊದಲು ತಮ್ಮ ಊರಿನ ಮನೆಯನ್ನು ಹುಡುಕುವರು, ಆಮೇಲೆ ತಮ್ಮ ವರ್ಷವನ್ನು. ಕೆರೆ ಕೋಡಿ ಬಿದ್ದ ವರ್ಷ, ಮಗ ಹುಟ್ಟಿದ ವರ್ಷ, ಬಾವಿ ತೋಡಿಸಿದ ವರ್ಷ. ಪಾಲಾರಿನ ಕಡೆಯ ಒಬ್ಬ ಹೆಂಗಸು ನವೆಂಬರ್ ಹಾಳೆಯ ಮುಂದೆ ನಿಂತು, ಬಲಗಡೆಯ ಕೆಳಗಿನ ಮನೆಯಲ್ಲಿ ತೊಂಬತ್ತೆರಡು ಯಾವುದು ಎಂದು ತಮಿಳು ಬೆರೆತ ಕನ್ನಡದಲ್ಲಿ ಮಹದೇವಿಯನ್ನು ಕೇಳಿದಳು. ಮಹದೇವಿ ಅವಳ ಬೆರಳು ಹಿಡಿದು ಆ ಗೀಟಿನ ಮೇಲಿಟ್ಟಳು. ಆ ವರ್ಷ ಅವಳ ಮದುವೆಯ ಹೊತ್ತಿಗೆ ಹೊಳೆ ತುಂಬಿ ಗಂಡಿನ ಕಡೆಯವರು ಮೂರು ದಿನ ಆಚೆ ದಡದಲ್ಲೇ ಉಳಿದರಂತೆ, ಮದುವೆಯ ಅನ್ನವನ್ನೆಲ್ಲ ಈಚೆಯವರೇ ಉಂಡರಂತೆ. ಹೇಳುತ್ತಾ ಹೇಳುತ್ತಾ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಕೊಳ್ಳೇಗಾಲದ ಬಸ್ಸಿಗೆ ಹೊತ್ತಾಯಿತೆಂದು ದೀಪ ಬಾಗಿಲಿನಿಂದ ಕೈ ಬೀಸಿದಳು. ಮಹದೇವಿ ಮುಂದಿನ ಬಸ್ಸಿಗೆ ಬರುತ್ತೇನೆ ಎಂದು ಸನ್ನೆ ಮಾಡಿ, ಮತ್ತೆ ನಾಲ್ಕನೇ ದಿನ ಏನಾಯಿತು ಎಂದು ಆ ಹೆಂಗಸನ್ನು ಕೇಳಿದಳು.